ಕುಂಟಮ್ಮನ ನಾಲ್ಕನೆಯ ಪೆಟ್ಟು

ಆ ಹಾಡು ಎಲ್ಲಿತ್ತು ಎಂದು ಕೇಳಬೇಡಿ, ಎಲ್ಲಿರಲಿಲ್ಲ ಎಂದು ಕೇಳಿ. ಬಸ್ಸಿನಲ್ಲಿತ್ತು. ಹಲ್ಲಿನ ಡಾಕ್ಟರ ಬಳಿ ಬಾಯಿ ತೆರೆದು ಮಲಗಿದರೆ ತಲೆಯ ಮೇಲೆ ಅದೇ ಹಾಡು. ಬೇಡ ಎನ್ನಲು ಬಾಯಿಗೂ ಬಿಡುವಿಲ್ಲ. ಬ್ಯಾಂಕಿಗೆ ಫೋನು ಮಾಡಿ ಕಾಯುತ್ತಿದ್ದರೆ ಅದೇ. ಪಕ್ಕದ ಮನೆಯ ಕೂಸಿಗೆ ಜೋಗುಳವೂ ಅದೇ, ಉದ್ಯಾನದಲ್ಲಿ ಕೈಕಾಲು ಆಡಿಸುವ ಮುದುಕರ ವ್ಯಾಯಾಮಕ್ಕೂ ಅದೇ. 'ಇನ್ನೊಂಚೂರು ಇರು, ಇನ್ನೊಂಚೂರು ಇರು' ಎಂದು ಒಬ್ಬ ಗಂಡಸು ಮೂಗಿನಲ್ಲಿ ಗೋಗರೆಯುತ್ತಿದ್ದ. ಊರಿಗೆ ಊರೇ ಕಣ್ಣು ಒದ್ದೆ ಮಾಡಿಕೊಂಡು ಕೇಳುತ್ತಿತ್ತು.

ಡಬ್ಬದಕ್ಕ ಮಾತ್ರ ಹಲ್ಲು ಕಡಿಯುತ್ತಿದ್ದಳು. ಆ ಗೋಗರೆಯುವ ಗಂಡಸು ಅವಳ ಗಂಡನಾಗಿದ್ದವನು. ಇರು ಇರು ಎಂದು ಲೋಕಕ್ಕೆಲ್ಲ ಹೇಳುವ ಆಸಾಮಿ ತಾನು ಮಾತ್ರ ಇರಲಾರದೆ, ಗಿಟಾರು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋಗಿದ್ದ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂದರೆ ಇದೇ.

ಅವಳದು ರಟ್ಟಿನ ಡಬ್ಬ ಮಾಡುವ ಕಾರ್ಖಾನೆ. ಕಾರ್ಖಾನೆ ಎಂದರೆ ಮಾತು ಸ್ವಲ್ಪ ದೊಡ್ಡದಾಯಿತು. ಕೆಳಗೆ ಉದ್ದನೆಯ ಒಂದು ಕೋಣೆ, ಮೇಲೆ ಅವಳ ಮನೆ. ಕೋಣೆಯ ಒಂದು ಗೋಡೆಗೆ ರಟ್ಟಿನ ಹಾಳೆಗಳ ರಾಶಿ, ಇನ್ನೊಂದಕ್ಕೆ ಅಂಟು ಹಚ್ಚುವ ಮೇಜು, ಬಾಗಿಲ ಬಳಿ ಕಟ್ಟಿಟ್ಟ ಚಪ್ಪಲಿ ಡಬ್ಬ, ಔಷಧಿ ಡಬ್ಬ, ಬಲ್ಬಿನ ಡಬ್ಬ. ನಟ್ಟನಡುವೆ ಕುಂಟಮ್ಮ.

ಕುಂಟಮ್ಮ ಎಂದರೆ ರಟ್ಟು ಕತ್ತರಿಸುವ ಯಂತ್ರ. ಎರಡು ಕಬ್ಬಿಣದ ಹಲಗೆಗಳು ಬಾಯಿಯ ಹಾಗೆ ತೆರೆದು ಮುಚ್ಚುತ್ತವೆ. ತೆರೆದಾಗ ಹಾಳೆ ಇಡಬೇಕು. ಮುಚ್ಚಿದಾಗ ಒಳಗಿನ ಅಲಗುಗಳು ಅದನ್ನು ಡಬ್ಬದ ಆಕಾರಕ್ಕೆ ಕತ್ತರಿಸುತ್ತವೆ. ಬೇರೆ ಯಂತ್ರಗಳಾದರೆ ಗಡಿಯಾರದ ಹಾಗೆ ಒಂದೇ ಸಮ ಬಡಿಯುತ್ತವೆ. ಇದರ ಹಲ್ಲುಗಾಲಿಯಲ್ಲಿ ಹಲ್ಲೊಂದು ಮುರಿದಿತ್ತು. ಹಾಗಾಗಿ ಧಡ್, ಧಡ್, ಧಡ್ ಎಂದು ಮೂರು ಸಲ ಮರ್ಯಾದೆಯಾಗಿ ಬಡಿದು, ನಾಲ್ಕನೆಯ ಸಲ ಬಾಯಿ ತೆರೆದುಕೊಂಡು ಆಕಳಿಸಿದ ಹಾಗೆ ನಿಂತುಬಿಡುತ್ತಿತ್ತು. ಬೇಕಾದಷ್ಟು ಹೊತ್ತಿದೆ, ಬಾ, ಕೈಯಿಡು ಎಂದು ಕರೆಯುವ ಹಾಗೆ. ಕೈಯಿಟ್ಟಿರೋ, ಧಡಾರ್. ಹಿಂದುಳಿದದ್ದನ್ನೆಲ್ಲ ಒಂದೇ ಏಟಿಗೆ ತೀರಿಸಿಕೊಳ್ಳುತ್ತಿತ್ತು.

ಈ ಕಾರ್ಖಾನೆ ಕಟ್ಟಿದ ಅವಳ ಸೋದರತ್ತೆ ತೋರುಬೆರಳಿನ ತುದಿ ಕೊಟ್ಟು ಆ ಪಾಠ ಕಲಿತಿದ್ದಳು. ಆಮೇಲೆ ಅತ್ತೆ ಒಂದು ಎಣಿಕೆ ಕಟ್ಟಿದಳು: 'ಒಂದು ಹಾಕು, ಎರಡು ಹಾಕು, ಮೂರು ಹಾಕು, ಇನ್ನೊಂಚೂರು ಇರು.' ಅದಕ್ಕೊಂದು ರಾಗವೂ ಇತ್ತು. ನಾಲ್ಕನೆಯದರ ಹೊತ್ತಿಗೆ ದನಿ ಇಳಿದು, ಎಳೆದು, ಕಾಯುತ್ತಿತ್ತು. ಹೊಸಬರು ಯಾರೇ ಬರಲಿ, ಮೊದಲು ಯಂತ್ರದ ಮುಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು, ಕುಂಟಮ್ಮನ ಜೊತೆ ಆ ಎಣಿಕೆ ಗುನುಗಬೇಕು. ಮೈಗೆ ಹತ್ತಿತು ಎಂದು ಅತ್ತೆ ತಲೆಯಾಡಿಸುವವರೆಗೆ ಹಾಳೆ ಮುಟ್ಟುವ ಹಾಗಿಲ್ಲ. ಹೊಸ ಹಲ್ಲುಗಾಲಿಯೊಂದು ಎಣ್ಣೆಕಾಗದದಲ್ಲಿ ಸುತ್ತಿ ಅಟ್ಟದ ಮೇಲಿದ್ದರೂ ಅತ್ತೆ ಅದನ್ನು ಹಾಕಿಸಲಿಲ್ಲ. "ಇವಳ ಕುಂಟು ನಮಗೆ ಗೊತ್ತು. ಹೊಸದರ ಬುದ್ಧಿ ಯಾರಿಗೆ ಗೊತ್ತು?" ಎನ್ನುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೆ ಕುಂಟಮ್ಮ, ಎಣಿಕೆ, ಕೈಕಟ್ಟಿ ನಿಲ್ಲುವ ನಿಯಮ ಎಲ್ಲವೂ ಸೋದರಸೊಸೆಯ ಪಾಲಿಗೆ ಬಂದವು.

ಗಂಡನಿಗೆ ಈ ಸದ್ದು ಕೇಳಿದರೆ ಆಗುತ್ತಿರಲಿಲ್ಲ. ಮೇಲಿನ ಕೋಣೆಯಲ್ಲಿ ಗಿಟಾರು ಹಿಡಿದು ಕೂತವನು, ಕೆಳಗೆ ಯಂತ್ರ ಶುರುವಾದ ಕೂಡಲೇ ಕಿವಿಗೆ ದಿಂಬು ಒತ್ತಿಕೊಳ್ಳುತ್ತಿದ್ದ. "ಈ ಧಡಬಡದಲ್ಲಿ ನನ್ನೊಳಗಿನ ಸಂಗೀತ ಸಾಯ್ತಿದೆ" ಎನ್ನುತ್ತಿದ್ದ. ಅವನ ಊಟ, ಅವನ ಗಿಟಾರಿನ ತಂತಿ, ಸಂಜೆ ಬಂದು ಕೂರುವ ಅವನ ಗೆಳೆಯರ ಕಾಫಿ ಎಲ್ಲವೂ ಆ ಧಡಬಡದಿಂದಲೇ ಬರುತ್ತಿದೆ ಎಂದು ಅವಳು ಒಮ್ಮೆಯೂ ಎತ್ತಿ ಆಡಲಿಲ್ಲ. ಆಡಬೇಕಿತ್ತು. ಕೊನೆಗೊಂದು ದಿನ, ನಾನು ಬೇಕೋ ಆ ಕುಂಟಿ ಬೇಕೋ ನಿರ್ಧಾರ ಮಾಡು ಎಂದು ಬಂದು ನಿಂತ. ಅವಳ ಕೈತುಂಬ ಅಂಟು, ಬಾಗಿಲಲ್ಲಿ ಲಾರಿ. "ಇನ್ನೊಂಚೂರು ಇರು, ಈ ಲೋಡು ಕಳಿಸಿ ಬರ್ತೀನಿ" ಎಂದಳು. ಲೋಡು ಕಳಿಸಿ ಮೇಲೆ ಬಂದರೆ ಗೋಡೆಯಲ್ಲಿ ಗಿಟಾರು ತೂಗುಹಾಕುತ್ತಿದ್ದ ಮೊಳೆ ಮಾತ್ರ ಇತ್ತು.

ಅತ್ತಳು, ಬೈದಳು, ಮರೆಯುತ್ತಲೂ ಬಂದಳು. ಅಷ್ಟರಲ್ಲಿ ಹಾಡು ಬಂತು.

ಮೊದಲ ಸಲ ಕೇಳಿದ್ದು ಎದುರಿನ ಸೈಕಲ್ ಅಂಗಡಿಯ ರೇಡಿಯೋದಲ್ಲಿ. ಬೆಳಗ್ಗೆ ಬೀಗ ತೆಗೆಯುತ್ತಿದ್ದವಳು ಬೆಚ್ಚಿ ತಿರುಗಿದಳು. ಕಾರ್ಖಾನೆಯ ಬಾಗಿಲು ಇನ್ನೂ ತೆರೆದಿಲ್ಲ, ಬೀದಿಯಾಚೆಯಿಂದ ಕುಂಟಮ್ಮನ ಸದ್ದು! ಧಡ್, ಧಡ್, ಧಡ್, ಆಕಳಿಕೆ, ಧಡಾರ್. ಅವಳದೇ ಯಂತ್ರ, ಅಡಿಯ ಸಡಿಲ ಬೋಲ್ಟಿನ ಕಿಣಿಕಿಣಿ ಸಮೇತ. ಒಂದೇ ಒಂದು ಸುತ್ತು, ಅಷ್ಟೇ. ಅದರ ಬೆನ್ನಿಗೇ ಡ್ರಮ್ಮು ಬಂದು ಕುಂಟನ್ನು ತಿದ್ದಿ, ನಾಲ್ಕೂ ಪೆಟ್ಟುಗಳನ್ನು ಇಸ್ತ್ರಿ ಹಾಕಿದ ಹಾಗೆ ಒಂದೇ ಸಮ ಮಾಡಿಬಿಟ್ಟಿತು. ಆಮೇಲೆ ಅವನ ದನಿ. ಅತ್ತೆಯ ರಾಗ, ಅತ್ತೆಯ ಮಾತು: ಇನ್ನೊಂಚೂರು ಇರು.

ಕಿವಿಗೆ ದಿಂಬು ಒತ್ತಿಕೊಂಡವನು ದಿಂಬಿನ ಸಂದಿಯಿಂದಲೇ ಕದ್ದಿದ್ದ. ಹಿತ್ತಲ ಗಿಡ ಮದ್ದಲ್ಲ ಎಂದು ಬಿಟ್ಟುಹೋದವನು ಹೋಗುವಾಗ ಗಿಡವನ್ನೇ ಕಿತ್ತುಕೊಂಡು ಹೋಗಿ ಪೇಟೆಯಲ್ಲಿ ಮಾರಿದ್ದ.

ಬ್ಯಾಂಡಿನ ಹೆಸರು 'ಖಾಲಿ ಡಬ್ಬ'. ಹೆಸರನ್ನೂ ಅವಳ ಕಾರ್ಖಾನೆಯಿಂದಲೇ ಎತ್ತಿದ್ದು. ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಹಾಡು ಕಟ್ಟಿ ತಾವೇ ಬಿಡುಗಡೆ ಮಾಡುವ ಇಂಡಿ ಬ್ಯಾಂಡಂತೆ. ನಾಲ್ಕು ಜನ, ಒಬ್ಬನ ಕೆಲಸ ಇಡೀ ಹಾಡಿನಲ್ಲಿ ಗಾಜಿನ ಬಾಟಲಿಗೆ ಎರಡು ಸಲ ಹೊಡೆಯುವುದು. ಒಬ್ಬ ವಿಮರ್ಶಕ 'ಶೂನ್ಯಕ್ಕೆ ಶ್ರುತಿ ಕೂಡಿಸಿದವರು' ಎಂದು ಬರೆದ. ಇನ್ನೊಬ್ಬ 'ಒಂದು ತಲೆಮಾರಿನ ನಿಟ್ಟುಸಿರು' ಎಂದ. ಸಂದರ್ಶನದಲ್ಲಿ, ಈ ತಾಳ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಆ ಮಹಾಶಯ ಕಣ್ಣು ಮುಚ್ಚಿ, "ನನ್ನ ಒಂಟಿತನದಿಂದ" ಎಂದ. ಅವಳು ಫೋನನ್ನು ಅಂಟಿನ ಬಾಣಲೆಗೆ ಎಸೆಯುವುದೊಂದು ಬಾಕಿ.

"ಒಂಟಿತನವಂತೆ! ಆ ಒಂಟಿತನಕ್ಕೆ ಎಣ್ಣೆ ಬಿಡೋಳು ನಾನು" ಎಂದಳು.

ಹೇಳಿದ್ದು ಅಂಟಮ್ಮನಿಗೆ. ಅಂಟಮ್ಮ ಅತ್ತೆಯ ಕಾಲದ ಹೆಂಗಸು. ಅಂಟು ಹಚ್ಚುತ್ತ ಹಚ್ಚುತ್ತ ಆ ಹೆಸರು ಅವಳಿಗೇ ಅಂಟಿಕೊಂಡಿತ್ತು. ಈಗ ಕುಂಟಮ್ಮನಿಗೆ ಹಾಳೆ ಉಣಿಸುವುದೂ ಅವಳೇ. ಇಬ್ಬರು ಹೆಂಗಸರೂ ಸೇರಿ ಆ ಹಾಡಿನ ಮೇಲೆ ಯುದ್ಧ ಸಾರಿದರು. ಸೈಕಲ್ ಅಂಗಡಿಯವನ ರೇಡಿಯೋದಲ್ಲಿ ಮೊದಲ ಧಡ್ ಕೇಳಿದರೆ ಸಾಕು, ಡಬ್ಬದಕ್ಕ ಕಿಟಕಿಗೆ ಬಂದು, "ಆರಿಸ್ತೀಯೋ, ಇಲ್ಲ ನಿನ್ನ ಪಂಪು ತಗೊಂಡು ನಿನ್ನ ಕಿವಿಗೇ ಗಾಳಿ ಹೊಡೀಲೋ?" ಎನ್ನುತ್ತಿದ್ದಳು. ಪಾಪದ ಮನುಷ್ಯ. ಬರುಬರುತ್ತ ಅವಳು ಕೂಗುವ ಮೊದಲೇ, ಎರಡನೆಯ ಧಡ್‌ಗೆಲ್ಲ ಓಡಿಹೋಗಿ ಆರಿಸುವುದನ್ನು ಕಲಿತ.

ಸಂಕಟವೇನೆಂದರೆ, ಹಾಡು ಚೆನ್ನಾಗಿತ್ತು.

ಇದನ್ನು ಒಪ್ಪಿಕೊಳ್ಳುವುದಕ್ಕಿಂತ ಅವಳು ಒಂದು ಲೋಟ ಅಂಟು ಕುಡಿಯುತ್ತಿದ್ದಳು. ಆದರೆ ಕಿವಿಗೆ ರೆಪ್ಪೆಯಿಲ್ಲವಲ್ಲ. ಎರಡನೆಯ ಚರಣ ಮುಗಿಯುವಲ್ಲಿ ವಾದ್ಯಗಳೆಲ್ಲ ನಿಂತು ಅವನೊಬ್ಬನ ಉಸಿರು ಮಾತ್ರ ಕೇಳುವ ಒಂದು ಜಾಗವಿತ್ತು. ಅಲ್ಲಿಗೆ ಬಂದಾಗ ಅವಳ ಕೈಯ ಕೆಲಸ ತಾನಾಗಿ ನಿಲ್ಲುತ್ತಿತ್ತು. ನಿಂತದ್ದಕ್ಕೆ ಸಿಟ್ಟು ಇಮ್ಮಡಿಯಾಗುತ್ತಿತ್ತು. ಬಸ್ಸಿನಲ್ಲಿ ಹಾಡು ಮುಗಿಯಲಿಲ್ಲವೆಂದು ಒಮ್ಮೆ ತನ್ನ ಸ್ಟಾಪು ಬಿಟ್ಟು ಮುಂದಿನದರಲ್ಲಿ ಇಳಿದಳು. ಇಳಿದು, ತನ್ನ ಮೇಲಿನ ಸಿಟ್ಟಿಗೆ ಅಷ್ಟು ದೂರ ಬಿಸಿಲಲ್ಲಿ ನಡೆದೇ ಬಂದಳು. ಇನ್ನೊಂದು ದಿನ ತಲೆ ಬಾಚಿಕೊಳ್ಳುತ್ತ ಗುನುಗುತ್ತಿದ್ದವಳು ಕನ್ನಡಿಯಲ್ಲಿ ತನ್ನ ತುಟಿ ಆಡುವುದನ್ನು ಕಂಡು, ಬಾಚಣಿಗೆಯಿಂದಲೇ ಬಾಯಿಗೆ ಹೊಡೆದುಕೊಂಡಳು.

ಅಂಟಮ್ಮ ಎಲ್ಲವನ್ನೂ ನೋಡುತ್ತಿದ್ದಳು. "ಕದ್ದವನ ಮೇಲೆ ಸಿಟ್ಟು ಮಾಡ್ಕೋ. ಹಾಡೇನು ಮಾಡ್ತು ನಿಂಗೆ?"

"ಅದೂ ಅವನ ಜೊತೆ ಸೇರ್ಕೊಂಡಿದೆ."

ಅವಳಿಗೆ ಬೇಕಿದ್ದುದು ಒಂದೇ. ಅವನಿಗೆ ನೋವಾಗಬೇಕು. ತನಗಾದಷ್ಟೇ ಆಗಬೇಕು, ಸಾಧ್ಯವಾದರೆ ಒಂದು ಹಿಡಿ ಹೆಚ್ಚೇ ಆಗಲಿ. ರಟ್ಟು ಎಣಿಸುವಾಗೆಲ್ಲ ಅವನಿಗೆ ವೇದಿಕೆಯ ಮೇಲೆ ದನಿ ಬಿದ್ದುಹೋಗಲಿ, ತಲೆತುಂಬ ಹೇನಾಗಲಿ, ಆ ಬಾಟಲಿ ಬಾರಿಸುವವನು ಮೂರನೆಯ ಏಟು ಇವನ ತಲೆಗೇ ಹಾಕಲಿ ಎಂದು ಬಗೆಬಗೆಯಾಗಿ ಹರಸುತ್ತಿದ್ದಳು. ಯಾವುದೂ ಆಗಲಿಲ್ಲ. ಆದದ್ದು ಬೇರೆ. ಅವನೇ ಫೋನು ಮಾಡಿದ.

"ಹೇಗಿದೀಯ?" ಎಂದ, ಎಣ್ಣೆಯಲ್ಲಿ ಅದ್ದಿ ತೆಗೆದ ದನಿಯಲ್ಲಿ. "ಹಾಡಿಗೆ ಒಂದು ವಿಡಿಯೋ ಮಾಡ್ತಿದೀವಿ. ನಿರ್ದೇಶಕರಿಗೆ ನಿಮ್ಮ ಕಾರ್ಖಾನೆ ಬೇಕಂತೆ. ಹಳೇ ಗೋಡೆ, ಹಳೇ ಯಂತ್ರ, ಒಂಥರಾ ನಿಜ ಅನ್ಸುತ್ತಂತೆ."

ಬಾಯಿಗೆ ಬಂದ ಬೈಗುಳವನ್ನು ಅವಳು ನುಂಗಿದಳು. ನುಂಗಿದ ಜಾಗದಲ್ಲಿ ಒಂದು ಯೋಚನೆ ಹುಟ್ಟಿತು. "ಬನ್ನಿ" ಎಂದಳು. "ಆದ್ರೆ ಒಂದು ಮಾತು. ಕ್ಯಾಮೆರಾ ಮುಂದೆ ಯಂತ್ರಕ್ಕೆ ಹಾಳೆ ಹಾಕೋದು ನೀನೇ ಆಗ್ಬೇಕು. ನಮ್ಮ ಹೆಂಗಸರನ್ನ ನಿಲ್ಲಿಸಿ ನೀನು ಪಕ್ಕದಲ್ಲಿ ಕೂತು ಹಾಡೋದು ಬೇಡ."

"ಅಷ್ಟೇನಾ? ಅದರ ತಾಳ ನನ್ನ ರಕ್ತದಲ್ಲೇ ಇದೆ ಬಿಡು" ಎಂದ.

ಐದು ವರ್ಷ ಆ ಮೆಟ್ಟಿಲು ಹತ್ತಿಳಿದವನು ಒಂದೇ ಒಂದು ಹಾಳೆ ಇಟ್ಟವನಲ್ಲ. ಹಾಳೆ ಸೊಟ್ಟಗಾಗಲಿ, ಸಿಕ್ಕಿಕೊಳ್ಳಲಿ, ಹರಿಯಲಿ, ಲೋಕವೆಲ್ಲ ನೋಡಿ ನಗಲಿ. ತನ್ನ ಆಸೆ ಇಷ್ಟೇ ಎಂದು ಅವಳು ಅಂಟಮ್ಮನಿಗೆ ಹೇಳಿದಳು, ತನಗೂ ಹೇಳಿಕೊಂಡಳು. ನಾಲ್ಕನೆಯ ಆಕಳಿಕೆಯ ನೆನಪೇ ಬರಲಿಲ್ಲ ಎಂದರೆ ಮಾತ್ರ ಸುಳ್ಳು. ನೆನಪು ಬಂತು. ಬಂದದ್ದನ್ನು ಅವಳು ಒಳಗೆ ಕೂರಿಸಿ ಬಾಗಿಲು ಹಾಕಿಕೊಂಡಳು.

ಹೇಳಿದ ದಿನ ಬೆಳಗ್ಗೆ ವ್ಯಾನಿನಲ್ಲಿ ದೀಪಗಳು ಬಂದವು, ತಂತಿಗಳು ಬಂದವು, ಬಾಗಿಲಿನಷ್ಟು ಎತ್ತರದ ಸ್ಪೀಕರು ಬಂತು. ನಿರ್ದೇಶಕ ಎಂಬವನು ಒಳಗೆ ಬಂದವನೇ ಗೋಡೆಯ ಸುಣ್ಣ ಕೆರೆದು ಮೂಸಿ, "ಅದ್ಭುತ" ಎಂದ. ಗಂಡನಾಗಿದ್ದವನು ಕಾರ್ಮಿಕನ ವೇಷದಲ್ಲಿದ್ದ. ಹೊಸ ಬಟ್ಟೆಗೆ ಬೇಕಂತಲೇ ಮಸಿ ಬಳಿದಿದ್ದರು, ಮಸಿ ಇರಬೇಕಾದ ಕೈಬೆರಳುಗಳನ್ನು ಬಿಟ್ಟು. ಬೆರಳುಗಳು ಹಾಗೇ ಇದ್ದವು, ಉದ್ದಕ್ಕೆ, ಬೆಳ್ಳಗೆ. ಒಂದು ಕಾಲದಲ್ಲಿ ಅವಳು ಅವನ್ನು ತುಂಬ ಇಷ್ಟಪಟ್ಟಿದ್ದಳು.

ಅಂಟಮ್ಮ ಎದ್ದು ನಿಂತು, "ಮೊದಲು ಕೈಕಟ್ಟಿ ನಿಂತ್ಕೊಂಡು ಎಣಿಕೆ ಹೇಳಪ್ಪ" ಎಂದಳು.

ಅವನು ನಕ್ಕ. "ಅಮ್ಮಾ, ಆ ಎಣಿಕೆನ ಊರೆಲ್ಲಾ ಹಾಡ್ತಿರೋದೇ ನನ್ನಿಂದ."

ಅಂಟಮ್ಮ ಡಬ್ಬದಕ್ಕನ ಮುಖ ನೋಡಿದಳು. ಡಬ್ಬದಕ್ಕ ರಟ್ಟಿನ ರಾಶಿಯನ್ನು ನೋಡಿದಳು. "ಗೊತ್ತಿರೋರಿಗೆ ನಾವೇನು ಹೇಳೋದು ಬಿಡು" ಎಂದಳು. ಅತ್ತೆಯ ಕಾಲದಿಂದ ಆ ಯಂತ್ರದ ಮುಂದೆ ಕೈಕಟ್ಟಿ ನಿಲ್ಲದೆ ಕೂತವನು ಇವನೇ ಮೊದಲಿಗ. ಯಜಮಾನಿಯ ಮಾತು ಮೀರಲಾರದೆ ಅಂಟಮ್ಮ ತನ್ನ ಮೇಜಿಗೆ ಮರಳಿದಳು.

ಡಬ್ಬದಕ್ಕ ಯಂತ್ರದ ಪಕ್ಕದಲ್ಲಿ, ನಿಲ್ಲಿಸುವ ಹಿಡಿಯ ಬಳಿ ನಿಂತಳು. ಯಾರಾದರೂ ನಿಲ್ಲಲೇಬೇಕಾದ ಜಾಗ ಅದು. ಹಾಡಿನ ವೇಗಕ್ಕೆ ಸರಿಯಾಗಿ ಯಂತ್ರವನ್ನೂ ಓಡಿಸಬೇಕೆಂದು ನಿರ್ದೇಶಕ ಹೇಳಿದ, ಅವಳು ಓಡಿಸಿದಳು. ಸ್ಪೀಕರಿನಲ್ಲಿ ಹಾಡು ಶುರುವಾಯಿತು. ಹಾಡಿನ ಕುಂಟಮ್ಮ, ಎದುರಿನ ಕುಂಟಮ್ಮ, ಎರಡೂ ಒಟ್ಟಿಗೆ: ಧಡ್, ಧಡ್, ಧಡ್. ಅವನು ಒಂದು ಹಾಕಿದ, ಎರಡು ಹಾಕಿದ, ಮೂರು ಹಾಕಿದ. ಸ್ಪೀಕರು ಆಕಳಿಸಿತು, ಯಂತ್ರವೂ ಆಕಳಿಸಿತು, ಅವನ ಕೈಯೂ ನಿಂತಿತು. ಧಡಾರ್. ನಿರ್ದೇಶಕ ಹೆಬ್ಬೆರಳೆತ್ತಿ ತೋರಿಸಿದ. ಅವನು ಕ್ಯಾಮೆರಾಕ್ಕೆ ನಕ್ಕ.

ಇನ್ನು ಮುಂದೆ ಹಾಡಿನಲ್ಲಿ ಆಕಳಿಕೆಯಿಲ್ಲ. ಅದು ಅವನಿಗೆ ಹೊಳೆಯಲೇ ಇಲ್ಲ, ಏಕೆಂದರೆ ಅವನ ರಕ್ತದಲ್ಲಿದ್ದುದು ಯಂತ್ರದ ತಾಳವಲ್ಲ, ತಿದ್ದಿದ ತಾಳ. ಅವಳಿಗೆ ಗೊತ್ತಿತ್ತು. ಬೇಡ ಬೇಡವೆನ್ನುತ್ತಲೇ ಅಷ್ಟು ಸಲ ಕೇಳಿದವಳಿಗೆ ಆ ಹಾಡಿನ ಒಂದೊಂದು ಮೂಲೆಯೂ ಗೊತ್ತಿತ್ತು. ಡ್ರಮ್ಮು ಬಂತು. ಒಂದು ಹಾಕಿದ. ಬಿಡು, ಆಗಲಿ, ಮಾಡಿದ್ದುಣ್ಣೋ ಮಹರಾಯ. ಎರಡು ಹಾಕಿದ. ನೀನೇನೂ ಮಾಡ್ತಿಲ್ಲ, ಸುಮ್ಮನೆ ನಿಂತಿದ್ದೀಯ ಅಷ್ಟೇ ಎಂದು ತನಗೇ ಹೇಳಿಕೊಂಡಳು. ಮೂರು ಹಾಕಿದ. ಸ್ಪೀಕರಿನಲ್ಲಿ ಅವನ ದನಿ ಅತ್ತೆಯ ರಾಗ ಹಿಡಿದು 'ಇನ್ನೊಂಚೂರು ಇರು' ಎಂದಿತು, ಡ್ರಮ್ಮು ಮಾತ್ರ ಇರದೆ ನಾಲ್ಕನೆಯ ಪೆಟ್ಟು ಹಾಕಿತು, ಕುಂಟಮ್ಮ ಬಾಯಿ ತೆರೆದು ನಿಂತಳು, ಅವನ ಕೈ ಒಳಗೆ ಹೋಯಿತು.

ಅವಳು ಹಿಡಿ ಎಳೆದಳು.

ಪ್ರೀತಿಯಿಂದ ಎಳೆದಳು ಎಂದುಕೊಳ್ಳಬೇಡಿ. ಕ್ಷಮಿಸಿದಳು ಎಂದಂತೂ ಅಂದುಕೊಳ್ಳಲೇಬೇಡಿ. ಆ ಮಾತು ಕಿವಿಗೆ ಬಿದ್ದರೆ ಕೈ ತಡೆಯಬೇಕು ಎಂದು ಅವಳ ಮೈಗೆ ಅತ್ತೆ ಕಲಿಸಿದ್ದಳು. ಯಾರು ಹಾಡಿದರು ಎಂದು ಮೈ ಕೇಳಲಿಲ್ಲ.

ಯಂತ್ರ ನರಳಿ ನಿಧಾನಿಸಿತು, ಅವನು ಕೈ ಹೊರಗೆಳೆದುಕೊಂಡ ಮೇಲೆ ಮುಚ್ಚಿ ನಿಂತಿತು. ಹಲಗೆಗಳ ನಡುವೆ ಅವನ ಅಂಗಿಯ ತೋಳಿನ ಅಂಚು ಸಿಕ್ಕಿಕೊಂಡಿತ್ತು. ಬಿಡಿಸಿದಾಗ ಅದರಲ್ಲಿ ಚಪ್ಪಲಿ ಡಬ್ಬದ ಮುಚ್ಚಳದ ಮೂಲೆಯೊಂದು ಅಚ್ಚುಕಟ್ಟಾಗಿ ಕತ್ತರಿಸಿ ಬಂದಿತ್ತು. ಬೆರಳುಗಳು ಎಲ್ಲ ಇದ್ದವು. ಅವನು ಅವುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದ, ಮುಖದಲ್ಲಿ ಒಂದು ತೊಟ್ಟು ರಕ್ತವಿಲ್ಲ.

"ಇರು ಅಂದ್ರೆ ಇರ್ಬೇಕು" ಎಂದಳು ಅವಳು. ಹಿಡಿಯಿಂದ ಕೈ ತೆಗೆದಿರಲಿಲ್ಲ, ಅವನ ಮೇಲಿನ ಸಿಟ್ಟಿಗೋ ತನ್ನ ಮೇಲಿನ ಹೆದರಿಕೆಗೋ. "ಅದು ಹಾಡಲ್ಲ. ಕೈ ಉಳಿಸೋ ಮಾತು. ನೀನು ಅದನ್ನ ಕದ್ದೆ ಹೊರತು ಕೇಳಿಸ್ಕೊಳ್ಳಲಿಲ್ಲ."

ಯಾರೋ ಸ್ಪೀಕರು ಆರಿಸಿದರು. ಅಂಟಮ್ಮ ಅವನನ್ನು ಪಕ್ಕಕ್ಕೆ ಸರಿಸಿ ಯಂತ್ರದ ಮುಂದೆ ಕೂತಳು. ಲಾರಿ ಬರುವ ಹೊತ್ತು, ಡಬ್ಬಗಳಾಗಬೇಕಿತ್ತು. ಡಬ್ಬದಕ್ಕ ಹಿಡಿ ಬಿಟ್ಟಳು. ಅಂಟಮ್ಮ ಒಂದು ಹಾಕಿದಳು, ಎರಡು ಹಾಕಿದಳು, ಮೂರು ಹಾಕಿದಳು, ತನ್ನ ಒಡಕು ದನಿಯಲ್ಲಿ 'ಇನ್ನೊಂಚೂರು ಇರು' ಎಂದು ಎಳೆದು ನಿಂತಳು. ಕುಂಟಮ್ಮ ಆಕಳಿಸಿದಳು. ಆ ಖಾಲಿಯಲ್ಲಿ ಇಡೀ ಕೋಣೆ ಉಸಿರು ಹಿಡಿದುಕೊಂಡಿತು. ಧಡಾರ್.

ಡಬ್ಬದಕ್ಕ ಅವನ ಮುಖ ನೋಡಿದಳು. ಹೆದರಿಕೆ ಹೋಗಿ ಅಲ್ಲಿ ಬೇರೇನೋ ಬಂದಿತ್ತು. ಎಷ್ಟಾದರೂ ಅವನು ಹಾಡುಗಾರ. ಅದನ್ನು ಅವಳು ಎಂದೂ ಅಲ್ಲಗಳೆದಿರಲಿಲ್ಲ.

"ನಾವು ಅದನ್ನ ಸರಿ ಮಾಡೋಕೆ ಹೋಗಿ ಕೆಡಿಸಿದೀವಿ" ಎಂದ ಅವನು ಮೆಲ್ಲಗೆ. "ಹಾಡು ಇರೋದೇ ಆ ನಿಲ್ಲೋದ್ರಲ್ಲಿ." ಅವಳ ಕಡೆ ತಿರುಗಿದ. ಬೇಡುವ ಕಣ್ಣು. ಅವನು ಅವಳನ್ನು ಯಾವತ್ತೂ ಹಾಗೆ ನೋಡಿರಲಿಲ್ಲ, ಮದುವೆಗೆ ಮುಂಚೆಯೂ. "ನಾನು ಆಗ ಫೋನಲ್ಲಿ ಹಿಡ್ಕೊಂಡಿದ್ದು ಒಂದೇ ಒಂದು ಸುತ್ತು. ಇದನ್ನ ಹೀಗೇ ಮತ್ತೆ ರೆಕಾರ್ಡ್ ಮಾಡ್ಬೇಕು. ಒಳ್ಳೇ ಮೈಕು ತರ್ತೀನಿ. ನಿನ್ನ ಹೆಸರು ಹಾಕ್ತೀನಿ, ಅತ್ತೆ ಹೆಸರೂ ಹಾಕ್ತೀನಿ. ನಾಡಿದ್ದು ಬರ್ಲಾ? ದಯವಿಟ್ಟು."

ಎಲ್ಲ ಬೈಗುಳ, ಎಲ್ಲ ಶಾಪ ಹುಡುಕಿದರೂ ಸಿಗದ ಜಾಗ ಈಗ ಸಿಕ್ಕಿತ್ತು. ಎಲ್ಲಿ ಹೊಡೆದರೆ ನೋವಾಗುತ್ತದೆ ಎಂದು ಅವನೇ ಬೆರಳಿಟ್ಟು ತೋರಿಸಿದ್ದ.

"ಬಾ" ಎಂದಳು.

ಅವರು ಹೋದ ಕೂಡಲೇ ಫಿಟ್ಟರಿಗೆ ಫೋನು ಮಾಡಿದಳು. ಅಟ್ಟದ ಮೇಲಿನ ಎಣ್ಣೆಕಾಗದದ ಗಂಟು ಇಳಿಸಿದಳು. ಫಿಟ್ಟರು ಹೊಸ ಹಲ್ಲುಗಾಲಿಯನ್ನು ಕೈಯಲ್ಲಿ ತಿರುಗಿಸಿ, "ಇಷ್ಟು ವರ್ಷ ನಾನು ತಲೆ ಚಚ್ಚಿಕೊಂಡ್ರೂ ಬೇಡ ಅಂದ್ರಲ್ಲ, ಈಗೇನಾಯ್ತಕ್ಕ?" ಎಂದ.

"ಒಬ್ಬನ ಕೈ ಹೋಗೋದ್ರಲ್ಲಿತ್ತು" ಎಂದಳು. ಸುಳ್ಳಲ್ಲ. ನಿಜವೂ ಅಲ್ಲ.

ಅಂಟಮ್ಮ ಮೇಜು ಬಿಟ್ಟು ಬಂದು ನಿಂತಳು. "ಅವನ ಮೇಲಿನ ಸಿಟ್ಟಿಗೆ ಇವಳ ಕುಂಟು ತೆಗೀತೀಯಾ? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತಾ?"

"ಮೂಗು ನಂದು" ಎಂದಳು ಡಬ್ಬದಕ್ಕ. ಫಿಟ್ಟರಿಗೆ ಸ್ಪ್ಯಾನರು ತಾನೇ ಎತ್ತಿಕೊಟ್ಟಳು. ಹಳೆಯ ಹಲ್ಲುಗಾಲಿಯನ್ನು ಆಗಲೇ ಗುಜರಿಗೆ ಕಳಿಸಿದಳು, ಗುಜರಿಯವನ ಗಾಡಿ ಬೀದಿ ತಿರುಗುವವರೆಗೆ ಬಾಗಿಲಲ್ಲಿ ನಿಂತಿದ್ದಳು.

ಅವನು ಮೈಕುಗಳನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಂದ. ಯಂತ್ರದ ಸುತ್ತ ನಿಲ್ಲಿಸಿದ, ದೂರ ಹತ್ತಿರ ಸರಿಸಿದ, ಕಿವಿಗೆ ಹೆಡ್‌ಫೋನು ಹಾಕಿಕೊಂಡು, "ಸರಿ, ಓಡಿಸು" ಎಂದ. ಅವಳು ಓಡಿಸಿದಳು.

ಧಡ್, ಧಡ್, ಧಡ್, ಧಡ್. ಧಡ್, ಧಡ್, ಧಡ್, ಧಡ್.

ಅವನು ಕಾದ. ಇನ್ನೊಂದು ಸುತ್ತು ಕಾದ. ಹೆಡ್‌ಫೋನು ತೆಗೆದು ಬರಿಗಿವಿಯಲ್ಲಿ ಕೇಳಿದ. ಆಮೇಲೆ ಅವನಿಗೆ ತಿಳಿಯಿತು. ತಿಳಿಯುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು, ಬಾಯಾರಿದವರು ನೀರು ಕುಡಿಯುವ ಹಾಗೆ.

"ಹಳೇ ಗಾಲಿ ಎಲ್ಲಿ?"

"ಗುಜರಿಗೆ ಹೋಯ್ತು. ಇಷ್ಟೊತ್ತಿಗೆ ಕರಗಿರುತ್ತೆ."

"ನನ್ನ ಮೇಲಿನ ಸಿಟ್ಟಿಗೆ ಮಾಡಿದೆ."

"ಹೌದು" ಎಂದಳು. "ನಿಂಗೆ ಈ ಸದ್ದು ಆಗ್ತಿರಲಿಲ್ಲ ಅಲ್ವಾ? ತೆಗೆಸಿದೆ."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಮೈಕುಗಳನ್ನು ಒಂದೊಂದಾಗಿ ಬಿಚ್ಚಿ ಪೆಟ್ಟಿಗೆಗೆ ಹಾಕಿಕೊಂಡು ಹೋದ. ಆ ಸಂಜೆ ಅವಳು ಹೊಟ್ಟೆತುಂಬ ಉಂಡಳು, ಮೈಮರೆತು ನಿದ್ದೆ ಮಾಡಿದಳು. ಸೇಡು ಇಷ್ಟು ರುಚಿಯೆಂದು ಗೊತ್ತಿದ್ದರೆ ಇನ್ನೂ ಮುಂಚೆಯೇ ಮಾಡುತ್ತಿದ್ದೆ ಎಂದುಕೊಂಡಳು.

ಕಾರ್ಖಾನೆಗೂ ನಷ್ಟವೇನಿಲ್ಲ. ಡಬ್ಬಗಳು ಹೆಚ್ಚು ಬಂದವು, ಹಾಳೆ ಹಾಳಾಗುವುದು ಕಡಿಮೆಯಾಯಿತು. ಹೊಸಬರು ಕೈಕಟ್ಟಿ ನಿಲ್ಲುವುದು ಬೇಕಿಲ್ಲ. ಆದರೆ ಅಂಟಮ್ಮನ ಕೈ ಮೂರು ಹಾಕಿ ನಾಲ್ಕನೆಯದಕ್ಕೆ ತಾನಾಗಿ ನಿಲ್ಲುತ್ತಿತ್ತು. ಯಂತ್ರ ನಿಲ್ಲದೆ ಖಾಲಿ ಬಾಯಿ ಬಡಿದುಕೊಂಡು ಮುಂದೆ ಹೋಗುತ್ತಿತ್ತು. ಅಂಟಮ್ಮ ಮತ್ತೆ ಒಂದರಿಂದ ಹಿಡಿಯುತ್ತಿದ್ದಳು. ಎಣಿಕೆ ಬೇಡವಾದ ಮೇಲೆ ಗುನುಗುವುದೂ ನಿಂತಿತು. ಇಡೀ ದಿನ ಆ ಕೋಣೆಯಲ್ಲಿ ಯಂತ್ರದ ಸದ್ದೊಂದೇ. ಅದನ್ನು ಯಾರೂ ಕುಂಟಮ್ಮ ಎಂದು ಕರೆಯಲಿಲ್ಲ; ಕರೆಯಲು ಅದು ಕುಂಟುತ್ತಲೂ ಇರಲಿಲ್ಲ. ಡಬ್ಬದಕ್ಕ ಮೇಲೆ ಮನೆಯಲ್ಲಿ ಕೂತು ಕೇಳಿದರೆ, ಕೆಳಗೆ ಯಾರದೋ ಬೇರೆಯವರ ಕಾರ್ಖಾನೆ ನಡೆಯುತ್ತಿದೆ ಎನಿಸುತ್ತಿತ್ತು. ಅತ್ತೆ ತೀರಿಕೊಂಡಾಗ ಬರದಷ್ಟು ಅಳು ಒಂದು ಮಧ್ಯಾಹ್ನ ಅವಳಿಗೆ ಬಂತು. ರಟ್ಟಿನ ರಾಶಿಯ ಹಿಂದೆ ಹೋಗಿ ಮುಗಿಸಿ ಬಂದಳು.

ಆಮೇಲೊಂದು ಬೆಳಗ್ಗೆ ಕಿಟಕಿಯ ಬಳಿ ಗೋಂದಿನ ಡಬ್ಬಿ ತೊಳೆಯುತ್ತಿದ್ದಾಗ ಬೀದಿಯಾಚೆಯಿಂದ ಕೇಳಿತು. ಧಡ್. ಅಡಿಯ ಬೋಲ್ಟಿನ ಕಿಣಿಕಿಣಿ. ಇನ್ನೊಂದು ಧಡ್. ಅವಳ ಕೈಯಿಂದ ಡಬ್ಬಿ ಜಾರಿತು. ಒಳಗೆ ಅಂಟಮ್ಮನೂ ತಲೆಯೆತ್ತಿದಳು. ಅಷ್ಟರಲ್ಲಿ ಸೈಕಲ್ ಅಂಗಡಿಯವನು, ಅವಳೇ ಕಲಿಸಿದ ವಿಧೇಯತೆಯಿಂದ, ಎರಡನೆಯ ಧಡ್‌ಗೆ ಓಡಿಬಂದು ರೇಡಿಯೋ ಆರಿಸಿ, ಇವಳ ಕಿಟಕಿಯ ಕಡೆಗೆ ಭಯಭಕ್ತಿಯಿಂದ ಕೈಯೆತ್ತಿ ತೋರಿಸಿದ.

ಕುಂಟಮ್ಮನ ಆಕಳಿಕೆ ಲೋಕದಲ್ಲಿ ಇನ್ನು ಉಳಿದಿರುವುದು ಆ ಒಂದು ಸುತ್ತಿನಲ್ಲಿ ಮಾತ್ರ. ಅವನ ಹಾಡಿನ ಬಾಗಿಲಲ್ಲಿ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಬೀದಿ ದಾಟಿದಳು. ಅವಳು ಬರುವುದನ್ನು ಕಂಡು ಸೈಕಲ್ ಅಂಗಡಿಯವನು ಪಂಪನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡ. "ಆರಿಸಿದೀನಕ್ಕ, ಆಗ್ಲೇ ಆರಿಸಿದೀನಿ" ಎಂದ.

ಅವಳು ನೆಲ ನೋಡಿದಳು. ಬಿಚ್ಚಿಟ್ಟ ಚಕ್ರವನ್ನು ನೋಡಿದಳು.

"ಹಾಕಪ್ಪ" ಎಂದಳು. "ಇನ್ನೊಂಚೂರು ಇರ್ಲಿ."

ಅವನು ಅನುಮಾನಿಸುತ್ತಲೇ ಗುಂಡಿ ತಿರುಗಿಸಿದ. ಕುಂಟಮ್ಮ ಆಗಲೇ ಹೋಗಿಯಾಗಿತ್ತು. ಡ್ರಮ್ಮು ಬಂದು ಎಲ್ಲವನ್ನೂ ಸರಿ ಮಾಡಿ, ಗಂಡನಾಗಿದ್ದವನ ದನಿ ಶುರುವಾಗಿತ್ತು. ಅವಳು ಆರಿಸು ಎನ್ನಲಿಲ್ಲ. ಬೆಂಚಿನ ಮೇಲಿದ್ದ ಟ್ಯೂಬುಗಳನ್ನು ಪಕ್ಕಕ್ಕೆ ಸರಿಸಿ ಕೂತು, ಇವತ್ತಲ್ಲದಿದ್ದರೆ ನಾಳೆ, ಅದು ಮತ್ತೆ ಮೊದಲಿನಿಂದ ಬರುತ್ತದೆ ಎಂದು ಲೆಕ್ಕ ಹಾಕುತ್ತ, ಹಾಡನ್ನು ಕೊನೆಯವರೆಗೂ ಕೇಳಿದಳು.